ಸಗಟು ನಮಸ್ಕಾರ

ಮೊನ್ನೆ ಭದ್ರಾವತಿಯಲ್ಲಿ ನಮ್ಮ ಕಾಲೇಜಿನ ಹುಡುಗರದ್ದು ಮ್ಯಾಚಿತ್ತು. ಮಳೆ ಆಗಷ್ಟೇ ಬಿಟ್ಟಿತ್ತು. ಮೈದಾನದ ಅಂಚಿನಲ್ಲಿ ಒಬ್ಬ ಹುಡುಗ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ. ಒದ್ದೆ ಮಣ್ಣಿನ ವಾಸನೆಯೂ ಆ ಎಣ್ಣೆಯ ಘಾಟೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಕೋಚ್ ಆದ ಮೊದಲ ವರ್ಷ ನೆನಪಾಗಿ ನಿಂತಲ್ಲೇ ನಗತೊಡಗಿದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೈದಾನದಲ್ಲಿ ನಾನು ನಗುವುದನ್ನು ಅವರು ಕಂಡವರಲ್ಲ. ನನ್ನ ಬಾಯಿ ಸ್ವಲ್ಪ ಜೋರು. ಸ್ವಲ್ಪ ಅಂದರೆ, ನಾನು ಅಭ್ಯಾಸ ಶುರುಮಾಡಿದರೆ ಕಾಂಪೌಂಡಿನ ಆಚೆಯ ಮನೆಯವರು ಮಕ್ಕಳನ್ನು ಒಳಗೆ ಕರೆದು ಕಿಟಕಿ ಹಾಕಿಕೊಳ್ಳುತ್ತಾರೆ.

ಈ ಬಾಯಿ ನನಗೆ ಭದ್ರಾವತಿ ಕೊಟ್ಟದ್ದು. ನಾನು ಅಲ್ಲಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವನು. ನಮ್ಮ ಸಾಲಿನಲ್ಲಿ ಒಂದು ಮನೆ ಕನ್ನಡ, ಪಕ್ಕದ್ದು ತಮಿಳು, ಅದರ ಪಕ್ಕದ್ದು ತೆಲುಗು. ಮೂರು ಭಾಷೆಯಲ್ಲಿ ಬೈಸಿಕೊಂಡು ಫುಟ್‌ಬಾಲ್ ಕಲಿತೆ. ಕಲಿತದ್ದು ಕೈಹಿಡಿಯಿತು. ಬೆಂಗಳೂರಿನ ಒಂದು ಕ್ಲಬ್ಬು, ಆಮೇಲೆ ಕೋಲ್ಕತ್ತಾದ ಒಂದು ಕ್ಲಬ್ಬು ನನ್ನನ್ನು ಸಂಬಳ ಕೊಟ್ಟು ಆಡಿಸಿದವು. ನಾನು ಡಿಫೆಂಡರ್. ಗೋಲು ಹೊಡೆಯುವುದು ನನ್ನ ಕೆಲಸವಲ್ಲ, ಹೊಡೆಯಲು ಬಂದವನನ್ನು ನೆಲದ ಮೇಲೆ ಕೂರಿಸುವುದು ನನ್ನ ಕೆಲಸ. ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದೆ. ಕೊನೆಗೆ ಯಾರೋ ನನ್ನನ್ನೇ ಅಷ್ಟೇ ಶ್ರದ್ಧೆಯಿಂದ ಕೂರಿಸಿದರು. ಮೊಣಕಾಲು ಹೋಯಿತು, ಆಪರೇಷನ್ ಆಯಿತು, ಅದೂ ಕೈಕೊಟ್ಟಿತು. ಹೆಂಡತಿ ಸುಮಾಳ ಊರು ಶಿವಮೊಗ್ಗ. ಇಬ್ಬರೂ ಪೆಟ್ಟಿಗೆ ಕಟ್ಟಿಕೊಂಡು ಅಲ್ಲಿಗೆ ಬಂದೆವು.

ಶಿವಮೊಗ್ಗದಲ್ಲಿ ನಾನೇನು ಮಾಡಿಕೊಂಡಿದ್ದೆ ಎಂದು ಜನರಿಗೆ ತಿಳಿಸುವುದೇ ಒಂದು ಕಷ್ಟವಾಯಿತು. ಮದುವೆ ಮನೆಯಲ್ಲಿ ಪಕ್ಕದ ಎಲೆಯವರು ಏನು ಕೆಲಸ ಎಂದು ಕೇಳುವರು. ಫುಟ್‌ಬಾಲ್ ಆಡುತ್ತಿದ್ದೆ ಎನ್ನುವೆ. ಅದು ಸರಿ, ಕೆಲಸ ಏನು ಎಂದು ಮತ್ತೆ ಕೇಳುವರು. ಅದೇ ಕೆಲಸ, ಸಂಬಳ ಕೊಡುತ್ತಿದ್ದರು ಎಂದರೆ ಅವರು ನನ್ನನ್ನು ಒಂದು ಕ್ಷಣ ನೋಡಿ, ಪಾಪ ಎನ್ನುವ ಮುಖ ಮಾಡಿ, ಹೋಳಿಗೆಯ ಕಡೆ ತಿರುಗುವರು.

ನನ್ನ ಬಗ್ಗೆ ಎಲ್ಲರಿಗಿಂತ ಹೆಚ್ಚು ಪಾಪ ಎನ್ನಿಸಿದ್ದು ಸುಮಾಳ ಅಣ್ಣ ರುದ್ರಪ್ಪ ಭಾವನಿಗೆ. ಗಾಂಧಿ ಬಜಾರಿನಲ್ಲಿ ಅವರದು ಪ್ಲಾಸ್ಟಿಕ್ ಸಾಮಾನಿನ ಸಗಟು ಅಂಗಡಿ. ಬಕೆಟ್ಟು, ಮಗ್ಗು, ಕುರ್ಚಿ, ನೀರಿನ ಡ್ರಮ್ಮು. ನನ್ನನ್ನು ಅಂಗಡಿಗೆ ಸೇರಿಸಿಕೊಳ್ಳಬೇಕೆಂದು ಅವರು ಯಾರನ್ನೂ ಕೇಳದೆ ತೀರ್ಮಾನ ಮಾಡಿಬಿಟ್ಟಿದ್ದರು. ನನ್ನ ಕಾಲಿಗೆ ತೊಂದರೆಯಾಗಬಾರದೆಂದು ಎತ್ತರದ ಸ್ಟೂಲೊಂದನ್ನು ತಂದು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು, ಬೇರೆ ಯಾರೂ ಕೂರದಂತೆ ನೋಡಿಕೊಂಡಿದ್ದರು. ಮನುಷ್ಯ ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಇವರು ನನ್ನನ್ನು ಮಂಜಣ್ಣ ಎಂದು ಕರೆದು, ಬೆನ್ನು ಸವರಿ, ಚಹಾ ತರಿಸಿ ಆ ಸ್ಟೂಲು ತೋರಿಸುತ್ತಿದ್ದರು. ಸಾವಿರಾರು ಜನರ ಕೂಗಿನ ನಡುವೆ ಆಡಿದ ನಾನು ಇನ್ನು ಮೇಲೆ ಮಗ್ಗಿನ ಬಣ್ಣ ಹಸಿರು ಬೇಕೋ ನೀಲಿ ಬೇಕೋ ಎಂದು ಕೇಳುತ್ತ ಕೂರಬೇಕಲ್ಲ ಎಂದುಕೊಂಡರೆ ನನಗೆ ಊಟ ಇಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಊರಿನ ಖಾಸಗಿ ಕಾಲೇಜೊಂದರಲ್ಲಿ ಫುಟ್‌ಬಾಲ್ ಕೋಚ್ ಬೇಕಾಗಿದ್ದಾರೆ ಎಂಬ ಸುದ್ದಿ ಸಿಕ್ಕಿತು. ಹೋದೆ. ಕಾಲೇಜಿನ ಆಡಳಿತ ಮಂಡಳಿಯ ಸೆಕ್ರೆಟರಿ ಪರಮೇಶ್ವರಪ್ಪನವರು ಅಡಿಕೆ ಮಂಡಿಯ ಯಜಮಾನರು. ಜೀವಮಾನವೆಲ್ಲ ಅಡಿಕೆ ಆರಿಸಿದವರಾದ್ದರಿಂದ ಅವರ ಪಾಲಿಗೆ ಜಗತ್ತಿನಲ್ಲಿರುವುದು ಎರಡೇ. ಒಂದು ಸರಕು, ಅಂದರೆ ಮೇಲ್ತರಗತಿಯ ಮಾಲು. ಇನ್ನೊಂದು ಗೊರಬಲು, ಅಂದರೆ ಕೊನೆಗೆ ಉಳಿಯುವ ಕಳಪೆ. ಮನುಷ್ಯರನ್ನೂ ಅವರು ಹಾಗೆಯೇ ಆರಿಸುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಕುಂಟುವ ಕಾಲಿನ ಮೇಲೆ ಕಣ್ಣು ನಿಲ್ಲಿಸಿ, ಇದು ಯಾವುದೆಂದು ತೀರ್ಮಾನಿಸಲಾಗದೆ ಕುರ್ಚಿ ತೋರಿಸಿದರು.

“ಫುಟ್‌ಬಾಲ್ ಅಂದ್ರೆ ಗಲಾಟೆ ಕಣ್ರೀ ಮಂಜುನಾಥ್” ಎಂದರು. “ಹಿಂದೊಂದ್ಸಲ ನಮ್ಮ ಹುಡುಗ್ರು ಆಡಕ್ಕೆ ಅಂತ ಹೋಗಿ ಹೊಡೆದಾಡ್ಕೊಂಡು ಬಂದ್ರು. ಒಬ್ಬನ ಹಲ್ಲು, ಇನ್ನೊಬ್ಬನ ಅಪ್ಪ, ಎರಡೂ ನನ್ನ ಆಫೀಸಿಗೆ ಬಂತು. ಒಂದು ವರ್ಷ ನೋಡೋಣ. ಒಂದಾದ್ರೂ ಮ್ಯಾಚ್ ಗೆಲ್ಲಿ. ಇಲ್ಲಾಂದ್ರೆ ಮುಂದಿನ ವರ್ಷ ಆ ಮೈದಾನನ ವೆಹಿಕಲ್ ಪಾರ್ಕಿಂಗಿಗೆ ಬಿಟ್ಟುಬಿಡ್ತೀವಿ.”

ನನಗೆ ಕೇಳಿಸಿದ್ದು ಒಂದೇ. ಒಂದು ಮ್ಯಾಚ್ ಗೆಲ್ಲಬೇಕು. ಗೆದ್ದರೆ ಮೈದಾನ, ಸೋತರೆ ಸ್ಟೂಲು.

ಜೂನ್ ತಿಂಗಳ ಜಡಿಮಳೆಯಲ್ಲಿ, ಕೆಟ್ಟ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು ಆಯ್ಕೆ ಶುರುಮಾಡಿದೆ. ಬಂದವರಲ್ಲಿ ಅರ್ಧ ಜನ ಕಬಡ್ಡಿಯವರು. ಚೆಂಡು ಬಂದರೆ ಬಿಡುತ್ತಿದ್ದರು, ಮನುಷ್ಯ ಬಂದರೆ ತಬ್ಬಿ ಹಿಡಿಯುತ್ತಿದ್ದರು. ಉಳಿದರ್ಧ ಕ್ರಿಕೆಟ್ ತಂಡದಿಂದ ಬಿದ್ದುಹೋದವರು. ಗೋಲ್‌ಕೀಪರ್ ಮಾತ್ರ ಮೊದಲ ದಿನವೇ ಸಿಕ್ಕಿದ. ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರ ಮಗ ಇರ್ಫಾನ್. ಅಂಗಡಿಯಲ್ಲಿ ಮೇಲಿನ ಕಪಾಟಿನಿಂದ ಎಸೆದ ಬಟ್ಟೆಯ ಥಾನುಗಳನ್ನು ಚಿಕ್ಕಂದಿನಿಂದ ಹಿಡಿದು ಹಿಡಿದು ಅವನ ಕೈ ಪಳಗಿತ್ತು. ಬೇಕಾದ್ದು ಒಬ್ಬ ಗಟ್ಟಿ ಡಿಫೆಂಡರ್. ಅವನು ನನಗೆ ಸಿಕ್ಕಿದ್ದು ಬಸ್ ಸ್ಟಾಪಿನಲ್ಲಿ.

ಒಂದು ಬೆಳಿಗ್ಗೆ ಸಿಟಿ ಬಸ್ಸು ಹೊರಟುಬಿಟ್ಟಿತ್ತು. ಎತ್ತರದ ಹುಡುಗನೊಬ್ಬ ಕೈಯಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ಅದರ ಹಿಂದೆ ಓಡಿದ. ಚರಂಡಿ ಹಾರಿದ, ಸ್ಕೂಟರಿನಿಂದ ಪಕ್ಕಕ್ಕೆ ತಪ್ಪಿಸಿಕೊಂಡ, ರಸ್ತೆಯಲ್ಲಿ ಮಲಗಿದ್ದ ಹಸುವನ್ನು ಬಳಸಿ ಹೋಗಿ ಬಸ್ಸಿನ ಬಾಗಿಲು ಹಿಡಿದ. ಕ್ಯಾರಿಯರ್ ಒಂದಿಷ್ಟೂ ಅಲುಗಲಿಲ್ಲ. ನಾನು ರಸ್ತೆಯಲ್ಲೇ ನಿಂತು ಕೂಗಿದೆ. ಅವನು ಹೆದರಿ ಬಸ್ಸಿನೊಳಗೆ ಹೋದ. ನಮ್ಮದೇ ಕಾಲೇಜಿನವನೆಂದು ಆಮೇಲೆ ತಿಳಿಯಿತು. ದುರ್ಗಿಗುಡಿಯ ಪುರೋಹಿತರು ಅನಂತ ಭಟ್ಟರ ಮಗ, ಶ್ರೀನಿಧಿ. ಫುಟ್‌ಬಾಲ್ ಆಡುತ್ತೀಯಾ ಎಂದು ಕೇಳಿದೆ. ಓಡುವುದೇ ತಾನೆ ಸರ್, ಬರುತ್ತೇನೆ ಎಂದ.

ಮೊದಲ ದಿನವೇ ಒಂದು ತೊಡಕು ಬಂತು. ಚೆಂಡನ್ನು ಒದೆಯದೆ ಅದರ ಮುಂದೆ ನಿಂತುಬಿಟ್ಟ. ಏನಯ್ಯಾ ಎಂದರೆ, ಚೆಂಡಿನ ಮೇಲೆ ಅಕ್ಷರ ಇದೆ ಸರ್ ಎಂದ. ಕಂಪನಿಯ ಹೆಸರು. ಅಕ್ಷರ ಸರಸ್ವತಿಯಂತೆ, ಕಾಲಲ್ಲಿ ಒದೆಯುವುದು ಹೇಗೆ ಎಂದು ಅವನ ಸಂಕಟ. ನನ್ನ ಕ್ಲಬ್ಬಿನ ದಿನಗಳಲ್ಲಿ ಇಂಥದ್ದನ್ನು ಕೇಳಿದ್ದರೆ ನಗುತ್ತಿದ್ದೆ. ಆದರೆ ಇಂಥ ಕಾಲುಗಳು ಇನ್ನೊಂದು ಜೊತೆ ಸಿಗುವುದಿಲ್ಲ. ಬಾಯಿ ಮುಚ್ಚಿಕೊಂಡು ಪೇಂಟ್ ಅಂಗಡಿಯಿಂದ ತಿನ್ನರ್ ತಂದು, ಕಾಲೇಜಿನ ಅಷ್ಟೂ ಚೆಂಡಿನ ಅಕ್ಷರ ಉಜ್ಜಿ ಉಜ್ಜಿ ಅಳಿಸಿದೆ. ಎಲ್ಲಿ ಆಡಲು ಹೋದರೂ ತಿನ್ನರಿನ ಡಬ್ಬಿ ನನ್ನ ಚೀಲದಲ್ಲಿರತೊಡಗಿತು. ಅವತ್ತಿನಿಂದ ಹುಡುಗ ಒದೆಯತೊಡಗಿದ. ಅಬ್ಬಾ, ಎಂಥಾ ಒದೆತ ಅದು. ಚೆಂಡು ಹುಡುಕಲು ಆಚೆ ಬೀದಿಗೆ ಹೋಗಬೇಕಾಗುತ್ತಿತ್ತು.

ಗೆದ್ದೆ ಎಂದುಕೊಂಡೆ. ಒಂದು ವಾರದ ನಂತರ ಎರಡು ಭಾಗ ಮಾಡಿ ಆಡಿಸಿದಾಗ ನನ್ನ ಗೆಲುವೆಲ್ಲ ನೀರಾಯಿತು. ಎದುರಾಳಿ ಚೆಂಡು ತಂದ. ಶ್ರೀನಿಧಿ ಸರಿಯಾದ ಹೊತ್ತಿಗೆ ಕಾಲು ಹಾಕಿ ಚೆಂಡು ಕಿತ್ತುಕೊಂಡ. ನಾನು ಶಭಾಷ್ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಇವನು ಚೆಂಡನ್ನು ಅಲ್ಲೇ ಬಿಟ್ಟು ಹಿಂದಕ್ಕೆ ತಿರುಗಿ, ಆ ಹುಡುಗನ ಭುಜ ಮುಟ್ಟಿ, ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಕಾಲು ತಗುಲಿತ್ತಲ್ಲ. ನಮ್ಮ ಮನೆಗಳಲ್ಲೆಲ್ಲ ಯಾರಿಗಾದರೂ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ, ಇಲ್ಲವೆಂದಲ್ಲ. ಆದರೆ ಇವನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಷ್ಟರಲ್ಲಿ ಆ ಹುಡುಗನೇ ಚೆಂಡು ತಗೊಂಡು ಹೋಗಿ ಗೋಲು ಹೊಡೆದು ಬಂದ. ಇವನು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಅದು ಅವತ್ತಿಗೆ ಮುಗಿಯಲಿಲ್ಲ. ಪ್ರತಿ ಸಲ ಅದೇ. ಕಿತ್ತುಕೊಳ್ಳುವುದು, ಬಿಡುವುದು, ನಮಸ್ಕಾರ. ಬೈದೆ. ಬೇಡಿಕೊಂಡೆ. ಇನ್ನೊಂದು ಸಲ ಕೈ ಕಣ್ಣಿಗೆ ಹೋದರೆ ಆ ಕೈ ಮುರಿದು ಬಿಸಾಕುತ್ತೇನೆ ಎಂದು ಇಡೀ ತಂಡದ ಎದುರು ಕೂಗಿದೆ. ಆಯ್ತು ಸರ್ ಎಂದ, ಐದು ನಿಮಿಷಕ್ಕೆ ಮತ್ತೆ ಒತ್ತಿಕೊಂಡ. ಬೇಕೆಂದು ಮಾಡುತ್ತಿರಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು. ಶಿಕ್ಷೆಗೆ ಮೈದಾನ ಸುತ್ತಿಸಿದೆ. ಅವನಿಗೆ ಓಡುವುದು ಖುಷಿ, ನಗುನಗುತ್ತಾ ಸುತ್ತಿದ. ಕೈ ಖಾಲಿ ಇರುವುದರಿಂದ ತಾನೆ ಈ ಅನಾಹುತ ಎಂದು ಎರಡೂ ಮುಷ್ಟಿಗೆ ಒಂದೊಂದು ಕಲ್ಲು ಕೊಟ್ಟು ಆಡಿಸಿದೆ. ಕಲ್ಲು ಹಿಡಿದ ಮುಷ್ಟಿಯಲ್ಲೇ ಎದುರಾಳಿಯ ಭುಜ ಮುಟ್ಟಿದ. ಆ ಹುಡುಗ ಭುಜ ಹಿಡಿದುಕೊಂಡು ಕೂತುಬಿಟ್ಟ. ಕೂತವನಿಗೆ ನೋವಾಯಿತೆಂದು ಇವನು ಇನ್ನೊಮ್ಮೆ ನಮಸ್ಕಾರ ಮಾಡಿದ.

ಇದರ ಜೊತೆಗೆ ಇನ್ನೊಂದು ರೋಗ. ಸುಳ್ಳು ಬಾರದು. ಚೆಂಡು ಯಾರ ಕಾಲಿಗೆ ತಾಗಿ ಗೆರೆ ದಾಟಿತೆಂದು ರೆಫರಿಗೆ ಅನುಮಾನ ಬಂದರೆ ಇವನು ತಾನಾಗಿ ಮುಂದೆ ಹೋಗಿ, ನಂದೇ ಸರ್, ನನ್ನ ಬೆರಳಿಗೆ ಸ್ವಲ್ಪ ತಾಗ್ತು ಎನ್ನುವನು. ನಮಗೆ ಸಿಗಬೇಕಾದ ಥ್ರೋಗಳೆಲ್ಲ ಹೀಗೆ ಕೈತಪ್ಪಿದವು. ಅಕ್ಕಪಕ್ಕದ ಕಾಲೇಜಿನವರ ಜೊತೆ ಆಡಿದ ಅಭ್ಯಾಸದ ಮ್ಯಾಚುಗಳನ್ನೆಲ್ಲ ಸೋತೆವು. ರುದ್ರಪ್ಪ ಭಾವ ಒಂದನ್ನೂ ತಪ್ಪಿಸದೆ ಅಂಗಡಿಯನ್ನು ಕೆಲಸದವರಿಗೆ ಬಿಟ್ಟು ಬಂದು, ಛತ್ರಿ ಹಿಡಿದು ನಿಂತು, ಸೋತ ಮೇಲೆ ನನ್ನ ಕೈಗೆ ಬಿಸಿ ಮಿರ್ಚಿ ಕೊಡುತ್ತಿದ್ದರು. “ಇರಲಿ ಬಿಡಿ ಮಂಜಣ್ಣ. ಎಲ್ಲಾ ಒಳ್ಳೇದಕ್ಕೇ” ಎನ್ನುವರು. ಅವರ ಕಣ್ಣಿನಲ್ಲಿ ಆ ಸ್ಟೂಲು ಕಾಣುತ್ತಿತ್ತು.

ಆಗಸ್ಟಿಗೆ ಅಂತರ ಕಾಲೇಜು ಪಂದ್ಯದ ಡ್ರಾ ಬಂತು. ಮೊದಲ ಸುತ್ತಿನಲ್ಲೇ ಭದ್ರಾವತಿಯ ತಂಡ, ಅವರದೇ ಮೈದಾನ. ಸೋತರೆ ಮನೆಗೆ, ಎರಡನೇ ಅವಕಾಶ ಇಲ್ಲ. ಆ ಊರಿನ ಮಕ್ಕಳು ನಡೆಯುವುದಕ್ಕೆ ಮುಂಚೆ ಒದೆಯಲು ಕಲಿಯುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶ್ರೀನಿಧಿಯನ್ನು ಕೈಬಿಟ್ಟರೆ ತಡೆಯುವವರಿಲ್ಲ, ಇಟ್ಟುಕೊಂಡರೆ ಬಂದವರಿಗೆಲ್ಲ ನಮಸ್ಕಾರ. ತಲೆ ಕೆಟ್ಟುಹೋಗಿ, ಒಂದು ಸಂಜೆ ನೇರ ದುರ್ಗಿಗುಡಿಗೆ ಹೋಗಿ ಅನಂತ ಭಟ್ಟರ ಮನೆ ಬಾಗಿಲು ತಟ್ಟಿದೆ.

ಭಟ್ಟರು ಸಣ್ಣಗಿನ, ಶಾಂತ ಸ್ವಭಾವದ ಮನುಷ್ಯ. ಕಾಫಿ ಕೊಡಿಸಿ ನನ್ನ ಗೋಳನ್ನು ಪೂರ್ತಿ ಕೇಳಿದರು. ಒಂದು ಸಲವೂ ನಗಲಿಲ್ಲ. ಶಾಸ್ತ್ರದಲ್ಲಿ ಫುಟ್‌ಬಾಲಿಗೆ ಏನಾದರೂ ವಿನಾಯಿತಿ ಇದೆಯೇ ಎಂದು ಕೇಳಿದೆ. ಯೋಚಿಸಿ, ಯುದ್ಧಕ್ಕಾದರೆ ಇದೆ ಎಂದರು. ನಾನು ಕುರ್ಚಿಯ ತುದಿಗೆ ಬಂದೆ. ಹಾಗಾದರೆ ಇದನ್ನು ಯುದ್ಧ ಅಂತಲೇ ಇಟ್ಟುಕೊಳ್ಳಿ ಭಟ್ಟರೇ ಎಂದೆ. ಯುದ್ಧವಾದರೆ ಮಗನನ್ನು ಕಳಿಸುವುದಿಲ್ಲ ಎಂದರು.

ಕಾಫಿ ತಣ್ಣಗಾಯಿತು. ನನ್ನ ಮುಖ ನೋಡಿ ಅವರಿಗೇ ಅಯ್ಯೋ ಎನ್ನಿಸಿರಬೇಕು.

“ನೋಡಿ ಮೇಷ್ಟ್ರೇ, ಕಾಲು ತಾಗಲೇಬಾರ್ದು ಅಂತೇನಿಲ್ಲ” ಎಂದರು. “ತಾಗಿದ್ಮೇಲೆ ತಾಗೇ ಇಲ್ಲ ಅನ್ನೋ ಹಾಗೆ ಹೋಗಬಾರ್ದು, ಅಷ್ಟೆ. ಈಗ ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಡೋ ಮುಂಚೆ ಭೂಮಿತಾಯಿ ಹತ್ರ ಕ್ಷಮೆ ಕೇಳ್ತೀವಿ. ಆಮೇಲೆ ದಿನವಿಡೀ ತುಳೀತೀವಿ. ಹೆಜ್ಜೆಹೆಜ್ಜೆಗೂ ಬಗ್ಗಿ ಕೇಳ್ತೀವಾ? ಇವನೂ ಹಾಗೇ ಮಾಡ್ಲಿ. ಆಟ ಶುರುವಾಗೋ ಮುಂಚೆ ಆ ಕಡೆಯವರನ್ನೆಲ್ಲ ಒಂದೊಂದ್ಸಲ ಮುಟ್ಟಿ ನಮಸ್ಕಾರ ಮಾಡ್ಕೊಂಡುಬಿಡ್ಲಿ. ಆಮೇಲೆ ತಾಗಿದ್ದಕ್ಕೆಲ್ಲ ಅದೇ ಆಯ್ತು.”

ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಸಗಟು ನಮಸ್ಕಾರ. ಗಾಂಧಿ ಬಜಾರಿನ ಸಗಟು ವ್ಯಾಪಾರಿಯ ತಂಗಿಯ ಗಂಡನಾಗಿಯೂ ನನಗೆ ಇದು ಹೊಳೆದಿರಲಿಲ್ಲ. ಒಳಗಿನ ಕೋಣೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಶ್ರೀನಿಧಿಯ ಮುಖದಲ್ಲೂ ಒಂದು ಭಾರ ಇಳಿದ ಹಾಗಿತ್ತು.

ಮರುದಿನ ಅಭ್ಯಾಸಕ್ಕೆ ಮೊದಲು ಅವನು ಎದುರು ಭಾಗದ ಹುಡುಗರನ್ನು ಸಾಲಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದ. ನಾನು ಸೀಟಿ ಊದಿದೆ. ಆಮೇಲೆ ನಡೆದದ್ದನ್ನು ನೋಡಿ ನನ್ನ ಕಣ್ಣಿನಲ್ಲಿ ನೀರು ಬಂತು. ಬಂದವನನ್ನು ಬಂದಲ್ಲೇ ತಡೆದ, ಜಾರಿ ಬಂದು ಚೆಂಡು ಕಿತ್ತ, ಕಿತ್ತ ಚೆಂಡನ್ನು ಮುಂದಕ್ಕೆ ಕಳಿಸಿದ. ಕಬಡ್ಡಿಯ ದೊಡ್ಡ ದೊಡ್ಡ ಹುಡುಗರು ಒಬ್ಬರ ಹಿಂದೊಬ್ಬರು ಕೆಸರಿನಲ್ಲಿ ಕೂತರು. ಒಂದು ಸಲವೂ ಕೈ ಕಣ್ಣಿಗೆ ಹೋಗಲಿಲ್ಲ. ಎಲ್ಲಾ ಮೊದಲೇ ತೀರಿಸಿಯಾಗಿತ್ತು. ಅವತ್ತು ಮನೆಗೆ ಹೋಗಿ ಸುಮಾಳಿಗೆ, ನಿಮ್ಮಣ್ಣನಿಗೆ ಹೇಳು, ಆ ಸ್ಟೂಲು ಬೇಕಾದವರಿಗೆ ಮಾರಿಬಿಡಲಿ ಎಂದೆ. ಅವಳು, ಮೊದಲು ಗೆದ್ದು ಬನ್ನಿ ಎಂದು ಒಗ್ಗರಣೆ ಹಾಕಿದಳು.

ಮ್ಯಾಚಿನ ದಿನ ಮಳೆ ಸುರಿಯುತ್ತಿತ್ತು. ನಮ್ಮ ವ್ಯಾನು ಮಲವಗೊಪ್ಪದ ಹತ್ತಿರ ರಸ್ತೆ ಬದಿಯ ಕೆಸರಿಗಿಳಿದು ನಿಂತುಬಿಟ್ಟಿತು. ಹುಡುಗರು ಇಳಿದು ನೂಕಿದರು. ಆಡುವ ಮೊದಲೇ ಎಲ್ಲರ ಬಟ್ಟೆಯೂ ಒಂದೇ ಬಣ್ಣವಾಯಿತು. ಆಗಲೇ ಪಕ್ಕದಲ್ಲಿ ಒಂದು ಕಾರು ಹೋಯಿತು. ಸ್ಟಿಯರಿಂಗ್ ಹಿಡಿದಿದ್ದವರು ರುದ್ರಪ್ಪ ಭಾವ, ಪಕ್ಕದಲ್ಲಿ ಕೂತಿದ್ದವರು ಸೆಕ್ರೆಟರಿ ಪರಮೇಶ್ವರಪ್ಪನವರು. ಒಂದೂ ಮ್ಯಾಚು ನೋಡದ ಯಜಮಾನರನ್ನು ಭಾವ ಬಜಾರಿನ ಪರಿಚಯ ಹಿಡಿದು ತಾವಾಗಿ ಕರೆದುಕೊಂಡು ಬಂದಿದ್ದರು. ನಾನು ಸೋಲುವುದನ್ನು ಅವರೇ ಕಣ್ಣಾರೆ ಕಂಡರೆ ಮುಂದಿನ ಮಾತುಕತೆ ಸುಲಭ ಎಂಬ ಲೆಕ್ಕ. ಪ್ರೀತಿಯ ಲೆಕ್ಕವೇ, ಆದರೂ ನನ್ನ ಮೈ ಉರಿದುಹೋಯಿತು.

ಭದ್ರಾವತಿಯ ಹುಡುಗರು ಮೈದಾನದಲ್ಲಿ ಸಾಲಾಗಿ ನಿಂತಿದ್ದರು. ಶ್ರೀನಿಧಿ ಹೋಗಿ ಒಬ್ಬೊಬ್ಬರ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ. ಮೊದಲನೆಯವನು ನಕ್ಕ. ನಾಲ್ಕನೆಯವನು ಒಂದು ಹೆಜ್ಜೆ ಹಿಂದೆ ಸರಿದ. ಕೊನೆಯಲ್ಲಿದ್ದವನು, ಸಾರ್, ಇವನು ಏನೋ ಮಂತ್ರ ಹಾಕ್ತಾ ಇದಾನೆ ಸಾರ್ ಎಂದು ರೆಫರಿಗೆ ದೂರು ಕೊಟ್ಟ. ರೆಫರಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು. ದಪ್ಪ ಕನ್ನಡಕದ ಮೇಲಿನ ನೀರು ಒರೆಸಿಕೊಂಡು, ಮಂತ್ರಕ್ಕೆ ರೂಲಿಲ್ಲ, ಆಡಿ ಎಂದರು.

ಅವತ್ತು ಶ್ರೀನಿಧಿ ಆಡಿದ ಆಟವನ್ನು ನಾನು ಕ್ಲಬ್ಬಿನ ದಿನಗಳಲ್ಲೂ ಹೆಚ್ಚು ನೋಡಿಲ್ಲ. ಭದ್ರಾವತಿಯವರು ಎಡದಿಂದ ಬಂದರು, ಬಲದಿಂದ ಬಂದರು, ಎಲ್ಲ ಕಡೆಯೂ ಇವನ ಕಾಲಿತ್ತು. ಮಂತ್ರದ ಭಯವೂ ಸ್ವಲ್ಪ ಕೆಲಸ ಮಾಡುತ್ತಿತ್ತು ಅನ್ನಿ, ಇವನು ಎದುರು ಬಂದರೆ ಅವರ ಹೆಜ್ಜೆ ತಡವರಿಸುತ್ತಿತ್ತು. ಎರಡನೇ ಅರ್ಧದಲ್ಲಿ ಇವನು ಒದ್ದ ಚೆಂಡು ಅವರ ಗೋಲಿನ ಮುಂದಿನ ಕೆಸರಿನಲ್ಲಿ ಹೂತು ನಿಂತಿತು. ನಮ್ಮ ಕಬಡ್ಡಿಯವನೊಬ್ಬ ಬಿದ್ದು ಎದ್ದು ಹೇಗೋ ಅದನ್ನು ಒಳಗೆ ನೂಕಿದ. ಗೋಲು. ನಾವು ಮುಂದು. ನಾನು ಕುಂಟುಕಾಲಿನಲ್ಲೇ ಕುಣಿದೆ. ಗೆರೆಯಾಚೆ ಭಾವನ ಕೈಯಲ್ಲಿದ್ದ ಮಿರ್ಚಿ ಬಾಯಿಗೂ ಹೋಗದೆ ಪೊಟ್ಟಣಕ್ಕೂ ಹೋಗದೆ ನಿಂತಿತ್ತು.

ಇನ್ನೇನು ಮುಗಿಯಿತು ಅನ್ನುವಾಗ ಭದ್ರಾವತಿಯ ಕೋಚ್ ಒಬ್ಬ ಬದಲಿ ಆಟಗಾರನನ್ನು ಇಳಿಸಿದರು. ಸೆಲ್ವ ಎಂಬ ಗಿಡ್ಡ ಹುಡುಗ. ಅಲ್ಲಿಯವರೆಗೆ ಬೆಂಚಿನ ಮೇಲೆ ರೈನ್‌ಕೋಟ್ ಹೊದ್ದು ಕೂತಿದ್ದ. ಅವನು ಒಳಗೆ ಬಂದದ್ದೇ ಶ್ರೀನಿಧಿ ಗಾಬರಿಯಿಂದ ನನ್ನ ಕಡೆ ತಿರುಗಿ, ಅವನನ್ನು ತೋರಿಸಿ ಏನೋ ಸನ್ನೆ ಮಾಡಿದ. ಇವನನ್ನು ನಾನು ಹಿಡಿಯಲೇ ಎಂದು ಕೇಳುತ್ತಿದ್ದಾನೆ ಅಂದುಕೊಂಡು ನಾನು, ಹಿಡಿ, ಹಿಡಿ ಎಂದು ಕೈ ಬೀಸಿದೆ. ಅವನು ಸೆಲ್ವನ ಕಡೆ ಎರಡು ಹೆಜ್ಜೆ ಓಡಿದ. ಅಷ್ಟರಲ್ಲಿ ಆಟ ಶುರುವಾಗಿ, ಚೆಂಡು ಸೆಲ್ವನ ಕಾಲಿಗೆ ಸಿಕ್ಕಿ, ಅವನು ಗಾಳಿಯ ಹಾಗೆ ನಮ್ಮ ಪೆನಾಲ್ಟಿ ಬಾಕ್ಸಿನೊಳಗೆ ನುಗ್ಗಿದ್ದ.

ಶ್ರೀನಿಧಿ ಅಡ್ಡ ಬಂದ. ಕಾಲು ಚೆಂಡಿನ ಮೇಲೆಯೇ ಬಿತ್ತು, ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಚೆಂಡು ಹೊರಗೆ ಹೋಯಿತು. ಆಮೇಲೆ ಕಾಲು ಸೆಲ್ವನಿಗೆ ಸ್ವಲ್ಪ ಸೋಕಿರಬಹುದು, ಆದರೆ ಅವನು ಕೆಸರಿನಲ್ಲಿ ತಾನಾಗಿ ಜಾರಿ ಬಿದ್ದ. ರೆಫರಿ ಏನೂ ಊದಲಿಲ್ಲ. ಎಲ್ಲ ಸರಿಯಾಗಿತ್ತು. ಆಗ ಶ್ರೀನಿಧಿ ಬಗ್ಗಿ, ಬಿದ್ದಿದ್ದ ಸೆಲ್ವನ ಭುಜ ಮುಟ್ಟಿ, ಬೆರಳುಗಳನ್ನು ಎರಡೂ ಕಣ್ಣಿಗೆ ನಿಧಾನವಾಗಿ ಒತ್ತಿಕೊಂಡ.

ನನಗೆ ಆಗ ಹೊಳೆಯಿತು. ಬದಲಿ ಆಟಗಾರ. ಇವನಿಗೆ ಮೊದಲೇ ನಮಸ್ಕಾರ ಮಾಡಿರಲಿಲ್ಲ. ಸೀಟಿ ಕೇಳಿಸಿತು. ರೆಫರಿ ಪೆನಾಲ್ಟಿ ಚುಕ್ಕೆಯ ಕಡೆ ಕೈ ತೋರಿಸುತ್ತಿದ್ದರು. ನಮ್ಮ ಹುಡುಗರು ಅವರನ್ನು ಮುತ್ತಿಕೊಂಡರು. ರೆಫರಿ, ಕಾಲು ತಾಗ್ತೇನೋ ಎಂದು ಶ್ರೀನಿಧಿಯನ್ನೇ ಕೇಳಿದರು. ಅವನು ತಾಗ್ತು ಸರ್ ಎಂದ. ಇರ್ಫಾನ್, ತಾಗಿದ್ದು ಬಾಲಿಗೆ ತಾಗಿದ ಮೇಲೆ ಸರ್ ಎಂದು ಕೂಗಿಕೊಂಡ.

“ತಪ್ಪು ಮಾಡ್ದೇ ಇದ್ದೋನು ಯಾಕಪ್ಪಾ ಕ್ಷಮೆ ಕೇಳ್ತಾನೆ?” ಎಂದರು ರೆಫರಿ. “ಅವನೇ ಒಪ್ಕೊಂಡ್ಮೇಲೆ ನಾನು ಬೇಡ ಅನ್ನಕ್ಕಾಗುತ್ತಾ?”

ಪೆನಾಲ್ಟಿ ಗೋಲಾಯಿತು. ನಮ್ಮವರು ತಲೆ ತಗ್ಗಿಸಿಕೊಂಡು ನಿಂತಿರುವಾಗಲೇ ಅದೇ ಸೆಲ್ವ ಇನ್ನೊಂದು ಹೊಡೆದ. ಮ್ಯಾಚ್ ಮುಗಿಯಿತು. ಸ್ಟೂಲೇ ಗಟ್ಟಿಯಾಯಿತು. ಬೈಯಲೆಂದು ಹೊರಟೆ. ಕೆಸರಿನಲ್ಲಿ ನಿಂತಿದ್ದ ಆ ಉದ್ದ ಹುಡುಗನನ್ನು ನೋಡಿದೆ. ಅವನು ಅಳುತ್ತಿದ್ದನೋ ಮಳೆಯೋ ತಿಳಿಯಲಿಲ್ಲ. ನನಗಂತೂ ಅಳು ಬಂದಿತ್ತು.

ಅಷ್ಟರಲ್ಲಿ ಸೆಕ್ರೆಟರಿ ಪಂಚೆ ಎತ್ತಿಕೊಂಡು ಕೆಸರು ತುಳಿಯುತ್ತಾ ನಮ್ಮ ಹತ್ತಿರವೇ ಬಂದರು. ಹಿಂದೆ ಛತ್ರಿ ಹಿಡಿದುಕೊಂಡು ಭಾವ. ಭಾವ ನನ್ನ ಬೆನ್ನು ಸವರಲು ಕೈ ಎತ್ತಿದ್ದರು. ಸೆಕ್ರೆಟರಿ ನನ್ನನ್ನು ಬಿಟ್ಟು ನೇರವಾಗಿ ಶ್ರೀನಿಧಿಯ ಮುಂದೆ ನಿಂತು, ಯಾರ ಮಗ ಎಂದು ಕೇಳಿದರು. ಹೇಳಿದ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನಾನು ಗಲಾಟೆ ನೋಡಕ್ಕೆ ಬಂದೆ ಕಣ್ರೀ. ಹಲ್ಲು ಉದುರುತ್ತೆ ಅಂತ ಬಂದೆ” ಎಂದರು. “ಈ ಹುಡುಗ ನೋಡಿದ್ರೆ ಆಡೋಕ್ ಮುಂಚೆ ಎಲ್ರಿಗೂ ನಮಸ್ಕಾರ ಮಾಡಿದ. ಬಿದ್ದೋನಿಗೆ ಬಗ್ಗಿ ಕ್ಷಮೆ ಕೇಳಿದ. ಸೋತ್ರೂ ಪರವಾಗಿಲ್ಲ ಅಂತ ನಿಜ ಹೇಳಿದ. ಇದು ಸರಕು. ಇದನ್ನೆಲ್ಲ ನೀವು ಹೇಳ್ಕೊಟ್ಟಿದ್ದಾ?”

ಆ ಕೈ ಮುರಿದು ಬಿಸಾಕುತ್ತೇನೆಂದು ನಾನು ಕೂಗಿದ್ದನ್ನು ಕೇಳಿದ ಹುಡುಗರೆಲ್ಲ ಸುತ್ತ ನಿಂತಿದ್ದರು. ಇರ್ಫಾನ್ ತನ್ನ ಗ್ಲೌಸನ್ನೇ ನೋಡುತ್ತಿದ್ದ. ಹೌದು ಎನ್ನಲು ಬಾಯಿ ಬರಲಿಲ್ಲ. ಇಲ್ಲ ಸರ್ ಎನ್ನಲು ಹೊರಟೆ. ಅಷ್ಟರಲ್ಲಿ ಶ್ರೀನಿಧಿ ಮಾತಾಡಿದ.

“ಹೌದು ಸರ್. ಕೋಚ್ ಸರ್ರೇ ಹೇಳ್ಕೊಟ್ಟಿದ್ದು.”

ಚೆಂಡು ಬೆರಳಿಗೆ ತಾಗಿದ್ದನ್ನೂ ಮುಚ್ಚಿಡದವನು, ಅದನ್ನು ಸೆಕ್ರೆಟರಿಯ ಕಣ್ಣಿಗೆ ಕಣ್ಣಿಟ್ಟು ಹೇಳಿದ. ಪರಮೇಶ್ವರಪ್ಪನವರು ತಲೆದೂಗಿ, ಮುಂದಿನ ವರ್ಷವೂ ಇವರೇ ಇರಲಿ, ಪಾರ್ಕಿಂಗಿಗೆ ಬೇರೆ ಜಾಗ ನೋಡೋಣ ಎಂದು ಭಾವನಿಗೇ ಹೇಳಿ ಕಾರಿನ ಕಡೆ ನಡೆದರು. ಭಾವ ಎತ್ತಿದ್ದ ಕೈ ಎಲ್ಲಿಡಬೇಕೆಂದು ತಿಳಿಯದೆ, ಕೊನೆಗೆ ಮಿರ್ಚಿಯ ಪೊಟ್ಟಣವನ್ನು ನನ್ನ ಕೈಗಿಟ್ಟು ಹೋದರು.

ವಾಪಸು ಬರುವಾಗ ವ್ಯಾನಿನಲ್ಲಿ ಅವನ ಪಕ್ಕ ಕೂತೆ. ಹುಡುಗರು ಮಿರ್ಚಿಗೆ ಕಿತ್ತಾಡುತ್ತಿದ್ದರು. ಯಾಕೋ ಹಾಗೆ ಹೇಳಿದೆ ಎಂದು ಮೆಲ್ಲಗೆ ಕೇಳಿದೆ. ಅವನು ಕಿಟಕಿಯಾಚೆ ನೋಡಿದ.

“ನೀವು ಹೋದ್ರೆ ನಮಗೆ ಯಾರು ಬೈತಾರೆ ಸರ್?” ಎಂದ. ಆಮೇಲೆ ನನ್ನನ್ನು ಸಮಾಧಾನ ಮಾಡುವವನ ಹಾಗೆ, “ಸುಳ್ಳಿಗೆ ಪ್ರಾಯಶ್ಚಿತ್ತ ಇದೆ ಸರ್. ನಾಳೆ ಒಂದಿನ ಊಟ ಬಿಟ್ರೆ ಆಯ್ತು” ಎಂದ.

ಮರುದಿನ ಮಧ್ಯಾಹ್ನ ಸುಮಾ ಕಟ್ಟಿಕೊಟ್ಟ ಡಬ್ಬಿ ತೆರೆದೆ. ಚಿತ್ರಾನ್ನ. ಒಂದು ತುತ್ತು ಕೈಗೆತ್ತಿಕೊಂಡೆ. ದುರ್ಗಿಗುಡಿಯ ಆ ಮನೆಯಲ್ಲಿ ಈ ಹೊತ್ತಿಗೆ ಎಲ್ಲರೂ ಊಟಕ್ಕೆ ಕೂತಿರುತ್ತಾರೆ, ಒಬ್ಬ ಮಾತ್ರ ನನಗಾಗಿ ಎಲೆಯ ಮುಂದೆ ಕೂತಿಲ್ಲ ಎನ್ನಿಸಿತು. ತುತ್ತನ್ನು ಡಬ್ಬಿಗೇ ಹಾಕಿ ಮುಚ್ಚಿದೆ.

ಸಂಜೆ ಅಭ್ಯಾಸಕ್ಕೆ ಎಲ್ಲರೂ ಬಂದರು. ಶ್ರೀನಿಧಿಯೂ ಬಂದ. ಇವತ್ತು ಕೂತುಕೋ ಎಂದರೆ ಕೇಳಲಿಲ್ಲ, ಓಡಿದ. ನಾನೂ ಅವರ ಜೊತೆ ಕುಂಟುತ್ತಾ ಮೈದಾನ ಸುತ್ತಿದೆ. ಚೆಂಡು ತಪ್ಪಿತು, ಪಾಸು ತಪ್ಪಿತು, ಕಬಡ್ಡಿಯವರು ಮತ್ತೆ ಮನುಷ್ಯರನ್ನೇ ತಬ್ಬಿಕೊಂಡರು. ಯಾರಿಗೂ ನಾನು ಒಂದು ಮಾತು ಬೈಯಲಿಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲದ್ದಕ್ಕೆ ಕೋಚಿಗೆ ಧ್ವನಿ ಹೊರಡುತ್ತಿಲ್ಲವೆಂದು ಅವರಿಗೆ ಗೊತ್ತಾಗಲಿಲ್ಲ. ಸರ್ ಒಳ್ಳೆಯವರಾಗಿಬಿಟ್ಟಿದ್ದಾರೆ ಎಂದುಕೊಂಡರು.